ಮ್ಯೂನಿಕ್ಕಿನಿಂದ ತಂದ ಪಟ

ಮ್ಯೂನಿಕ್ ನಗರದ ಲೆನ್‌ಬಾಖ್ ಭವನಕ್ಕೆ ನಾವು ಹೋದಾಗ ನಮ್ಮ ಮನಸ್ಸಿನಲ್ಲಿದ್ದುದು ಮಂಗಳೂರಿನ ನಮ್ಮ ನಡುಮನೆಯ ಬರಿಗೋಡೆ. ಅಲ್ಲಿ ತೂಗುತ್ತಿದ್ದ ಪಟವನ್ನು ‘ಮ್ಯೂಸಿಯಂ ದರ್ಜೆಯ ಪ್ರತಿ’ ಎಂದೇ ಮಾರಿದ್ದರು. ಅದನ್ನು ಅಗ್ಗದ ರಟ್ಟಿಗೆ ಅಂಟಿಸಿ, ಗಾಜನ್ನು ಕಾಗದಕ್ಕೇ ತಗುಲಿಸಿ ಕಟ್ಟು ಹಾಕಿದ್ದರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕಾಗದವು ಗಾಜಿಗೆ ಹತ್ತಿಕೊಂಡು ಅಂಚೆಲ್ಲ ಕಂದಿಹೋಯಿತು.

ಭವನವು ಚಿತ್ರಕಾರ ಲೆನ್‌ಬಾಖನು ತನಗಾಗಿ ಕಟ್ಟಿಸಿಕೊಂಡುದು. ಕಾಂಡಿನ್‌ಸ್ಕಿಯ ಚಿತ್ರಗಳು ಅಲ್ಲಿ ಅಷ್ಟೊಂದು ಸೇರಿರುವುದು ಗೇಬ್ರಿಯೆಲೆ ಮ್ಯೂಂಟರ್ ಎಂಬಾಕೆಯಿಂದ. ಒಂದು ಕಾಲಕ್ಕೆ ಅವನ ಸಂಗಾತಿಯಾಗಿದ್ದ ಈ ಚಿತ್ರಕಾರ್ತಿಯು ನಾಟ್ಸಿಗಳ ಆಳಿಕೆಯಲ್ಲಿ ಅವನ್ನು ಮುರ್ನೌ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, 1957ರಲ್ಲಿ, ತನಗೆ 80 ತುಂಬಿದಾಗ, ದಾನಮಾಡಿದಳು.

ನಾವು ಬಹಳ ಹೊತ್ತು ನಿಂತುದು 1911ರ ‘ಇಂಪ್ರೆಷನ್ 3’ ಎಂಬ ಚಿತ್ರದ ಮುಂದೆ. ಷೋನ್‌ಬರ್ಗನ ಸಂಗೀತ ಕಚೇರಿಯನ್ನು ಕೇಳಿ ಬಂದು ಬರೆದುದು. ತುಂಬ ಹಳದಿ, ಮೇಲುಗಡೆ ಪಿಯಾನೋ ಎಂದು ಊಹಿಸಬಹುದಾದ ಒಂದು ದೊಡ್ಡ ಕಪ್ಪು, ಸುತ್ತ ಬಾಗಿದ ಕೇಳುಗರಂಥ ಗೆರೆಗಳು. “ಅರಿಸಿನ ಚೆಲ್ಲಿದಂತಿದೆಯಲ್ಲ!” ಎಂದು ನಕ್ಕ ನಮ್ಮಾಕೆ, ಹೊರಡೋಣವೆಂದರೆ ತಾನೇ ಕದಲಲಿಲ್ಲ.

ಪೇಟೆಯ ಅಂಗಡಿಯೊಂದರಲ್ಲಿ ಇದೇ ಚಿತ್ರದ ಎರಡು ಪ್ರತಿಗಳಿದ್ದುವು. ಕಟ್ಟು ಹಾಕಿದ್ದುದನ್ನು ಅಳೆದು ನೋಡಿದೆವು. ಮೂಲದ ಎತ್ತರ 77.5 ಸೆಂಟಿಮೀಟರ್, ಅಗಲ 100. ಎತ್ತರ 60, ಅಗಲ 80ರ ಸಿದ್ಧ ಕಟ್ಟಿಗೆ ಹೊಂದಿಸಲು ಮೇಲೂ ಕೆಳಗೂ ಒಂದೊಂದು ಸೆಂಟಿಮೀಟರಿನಷ್ಟು ಕತ್ತರಿಸಿದ್ದರು. ದೇವರ ಪಟದಲ್ಲಿ ಕಿರೀಟ ತುಂಡಾದರೆ ಮಕ್ಕಳೂ ಕಂಡುಹಿಡಿಯುವರು. ಇಂಥ ಚಿತ್ರದಲ್ಲಿ ಅಂಚು ಹೋದರೆ ಕೇಳುವವರೇ ಇಲ್ಲ! ಇದಕ್ಕೂ ‘ಮ್ಯೂಸಿಯಂ ದರ್ಜೆ’ಯ ಚೀಟಿ ಇದ್ದಿತು. ಆ ಮಾತನ್ನು ಯಾರು ಬೇಕಾದರೂ ಹಚ್ಚಬಹುದು. ಕೇಳಬೇಕಾದುದು ಬೇರೆ: ಕಾಗದವು ಆಮ್ಲವಿಲ್ಲದ ಹತ್ತಿಯದೇ? ಶಾಯಿಯು ಬೇಗ ಮಾಸುವ ಡೈಯೋ, ತಾಳಿಕೆಯ ಪಿಗ್ಮೆಂಟೋ? ಸುರುಳಿಯಲ್ಲಿದ್ದ ಎರಡನೆಯ ಪ್ರತಿಯ ಬಗೆಗೆ ಇವಕ್ಕೆಲ್ಲ ಬರೆಹದಲ್ಲೇ ಉತ್ತರವಿದ್ದಿತು. ಅದನ್ನೇ ಕೊಳವೆಯಲ್ಲಿಟ್ಟು ತಂದೆವು.

ಊರಿನಲ್ಲಿ ಈ ಬಾರಿ ಬೇರೊಬ್ಬನ ಬಳಿ, ಎದುರಿಗೆ ನಿಂತೇ ಕಟ್ಟು ಹಾಕಿಸಿದೆವು. ಹಿಂದೆ ಆಮ್ಲರಹಿತ ರಟ್ಟು. ಗಾಜಿಗೂ ಕಾಗದಕ್ಕೂ ನಡುವೆ ಎಡೆಯಿರುವಂತೆ ಮುಂದೆ ದಪ್ಪ ಮೌಂಟು. ಅತಿನೇರಳೆ ಕಿರಣವನ್ನು ತಡೆಯುವ ಗಾಜು. ಕಾಗದವನ್ನು ಪೂರ್ತಿ ಅಂಟಿಸಗೊಡದೆ ಮೇಲಂಚಿನಲ್ಲಿ ಮಾತ್ರ ಎರಡು ಪಟ್ಟಿಗಳಿಂದ ತೂಗಿಸಿದುದಾಯಿತು. ಖರ್ಚು ಚಿತ್ರದ ಬೆಲೆಯನ್ನೇ ಮೀರಿತು. ಮಳೆ ಹೊಡೆಯುವ ಹೊರಗೋಡೆಯನ್ನು ಬಿಟ್ಟು ಒಳಗೋಡೆಗೆ ಮೊಳೆ ಬಿದ್ದಿತು.

ಕಟ್ಟು ಹಾಕುವವನು ಮಾತ್ರ ಕೊನೆಗೆ ತಲೆ ಕೆರೆದುಕೊಂಡು, “ಸ್ವಾಮೀ, ಮೇಲು ಯಾವುದು?” ಎಂದು ಕೇಳಿದನು. ನಾವು ಬಾಯಿ ತೆರೆಯುವ ಮೊದಲೇ ನಮ್ಮಾಕೆ ಮುಂದೆ ಬಂದು ಆ ಕಪ್ಪನ್ನು ಬೆರಳಿನಿಂದ ತೋರಿಸಿದಳು.