ಚಂದ್ರಗುತ್ತಿಯ ರೀಲು

1986ರ ಮಾರ್ಚ್. ಸೊರಬದ ಚಂದ್ರಗುತ್ತಿ ಜಾತ್ರೆ. ವರದಾ ನದಿಯ ಕೆಸರಿನಲ್ಲಿ ನಿಮ್ಮ ಚಪ್ಪಲಿ ಹೂತಿದೆ. ಬೆಂಗಳೂರಿನ ಗಿರಿನಗರದ ಮನೆ ಬಿಟ್ಟು ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿದ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಭಂಡಾರ ಮೂಗಿಗೇರಿ ಸೀನು ಬರುತ್ತಿದೆ. ಗಾಳಿಯಲ್ಲೇ ಬೇವಿನ ಕಹಿ.

ನೀರಿನಿಂದ ಎದ್ದು ಬರುವವರ ಮೈಮೇಲೆ ನೂಲೆಳೆಯಿಲ್ಲ. ಉಧೋ ಉಧೋ ಎನ್ನುತ್ತ ಗುಡ್ಡ ಹತ್ತಿ ರೇಣುಕಾಂಬೆಯ ಗುಹೆಗೆ ಹೋಗಬೇಕು, ಹರಕೆ ಹಾಗಿದೆ. ಬಟ್ಟೆ ಸುತ್ತಿಕೊಳ್ಳಿರೆಂದು ದಲಿತ ಸಂಘರ್ಷ ಸಮಿತಿಯ ಹುಡುಗರು ಗಂಟಲು ಹರಿದುಕೊಳ್ಳುತ್ತಿದ್ದಾರೆ.

ಕ್ಯಾಮೆರಾದ ಚೌಕಟ್ಟಿಗೆ ಒಬ್ಬಾಕೆ ಬರುತ್ತಾಳೆ. ಒದ್ದೆ ಕೂದಲು, ಬಿಗಿದ ದವಡೆ, ಅರ್ಧ ಮುಚ್ಚಿದ ಕಣ್ಣು. ಬೆಳಕು ಎಷ್ಟು ಚೆನ್ನಾಗಿದೆಯೆಂದರೆ ನಿಮಗೇ ನಾಚಿಕೆಯಾಗುತ್ತದೆ.

ಮೊನ್ನೆ ಗೆಳೆಯನ ಡಾರ್ಕ್‌ರೂಮಿನಲ್ಲಿ, ಕೆಂಪು ಬಲ್ಬಿನ ಕೆಳಗೆ, ದೊಡ್ಡ ವಾದ ಮಾಡಿದ್ದಿರಿ. ಜಪಾನಿನಲ್ಲಿ ತೊಡೆಸಂದಿಯ ಕೂದಲು ಕಂಡರೆ ಅಶ್ಲೀಲ, ಮಸಿ ಬಳಿದರೆ ಕಲೆ! (ಐದು ವರ್ಷದ ಮೇಲೆ, 1991ರಲ್ಲಿ, ಅಲ್ಲಿನ ಛಾಯಾಗ್ರಾಹಕ ಕಿಶಿನ್ ಶಿನೋಯಾಮಾ ಮಸಿಯಿಲ್ಲದೆಯೇ ಪುಸ್ತಕ ತರುತ್ತಾರೆ, ಮೊಕದ್ದಮೆಯಾಗುವುದಿಲ್ಲ.) ನಮ್ಮ ದಂಡಸಂಹಿತೆಯ 292ನೇ ಕಲಮು ಗುಡಿಯ ಗೋಡೆಯ, ತೇರಿನ ಬೆತ್ತಲೆ ಗೊಂಬೆಗಳಿಗೆ ವಿನಾಯಿತಿ ಕೊಟ್ಟಿದೆ. ಈಕೆ ಗೊಂಬೆಯಲ್ಲ. ಚಳಿಗೆ ನಡುಗುವ ಉಸಿರು ನಿಮಗೆ ಕೇಳಿಸುತ್ತಿದೆ.

ಪಕ್ಕದಲ್ಲಿ ಪ್ಯಾಂಟು ತೊಟ್ಟವರ ಗುಂಪೊಂದು ಕಿಸಕ್ಕನೆ ನಗುತ್ತದೆ. ಅವರ ಕೈಯಲ್ಲೂ ಕ್ಯಾಮೆರಾ. ನಿಮ್ಮದು ಬೇರೆ ಎಂದು ಹೇಳಿಕೊಳ್ಳುತ್ತ ನೀವು ಗುಂಡಿ ಒತ್ತುತ್ತೀರಿ.

ಕ್ಲಿಕ್.

ಆಕೆ ತಿರುಗುತ್ತಾಳೆ. ಯಾರೋ ಕೂಗುತ್ತಾರೆ. ತ್ರಿಶೂಲಗಳು ಏಳುತ್ತವೆ. ಕಲ್ಲು. ಧೂಳು. ಓಡುವ ಕಾಲುಗಳ ನಡುವೆ ಬಟ್ಟೆ ಪರ್ರನೆ ಹರಿಯುವ ಸದ್ದು, ಖಾಕಿ ಬಟ್ಟೆ. ಪೊಲೀಸರನ್ನು, ಮಹಿಳಾ ಪೊಲೀಸರನ್ನೂ, ಬೆತ್ತಲೆ ಮಾಡಿ ನಡೆಸುತ್ತಿದ್ದಾರೆ. ಈ ನಡಿಗೆಗೆ ಹರಕೆಯಿಲ್ಲ.

ಎತ್ತಿ, ಕ್ಯಾಮೆರಾ ಎತ್ತಿ! ನಾಳೆಯ ಪತ್ರಿಕೆಗೆ ಇದಕ್ಕಿಂತ ದೊಡ್ಡ ಸುದ್ದಿಯಿಲ್ಲ. ಕೈ ಏಳುವುದಿಲ್ಲ. ಕಾಲುಗಂಟೆಯ ಹಿಂದೆ ಸಲೀಸಾಗಿ ಎದ್ದ ಕೈ.

ಮುಂದೆ ಸರ್ಕಾರ ವಿಚಾರಣಾ ಆಯೋಗ ನೇಮಿಸುತ್ತದೆ, ಬೆತ್ತಲೆ ಸೇವೆಗೆ ನಿಷೇಧ ಬರುತ್ತದೆ. ಅದೆಲ್ಲ ಆಮೇಲಿನ ಮಾತು. ಈಗ ಕೊರಳ ಪಟ್ಟಿ ಹಿಂದಕ್ಕೆ ಜಗ್ಗುತ್ತಿದೆ. ಅರಿಶಿನ ಮೆತ್ತಿದ ಕೈಯೊಂದು ಕ್ಯಾಮೆರಾ ಕಿತ್ತುಕೊಂಡು, ಬೆನ್ನ ಮುಚ್ಚಳ ತೆರೆದು, ರೀಲನ್ನು ಎಳೆಯುತ್ತದೆ. ಹಗಲ ಬೆಳಕಿನಲ್ಲಿ ಅದು ಉದ್ದಕ್ಕೆ ಬಿಚ್ಚಿಕೊಂಡು ಬೇವಿನ ಸೊಪ್ಪಿನ ಮೇಲೆ ಬೀಳುತ್ತದೆ. ನೀವು ಅದನ್ನು ನೋಡುತ್ತಿಲ್ಲ. ಎರಡೂ ಕೈಯಿಂದ ನಿಮ್ಮ ಅಂಗಿಯ ಗುಂಡಿಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದೀರಿ.