ಮೂರು ಬಣ್ಣ ಒಂದಾಗುವ ತನಕ

ಹಳೆಯ ವಾರಪತ್ರಿಕೆಗಳ ಮುಖಪುಟ ನಿಮಗೆ ನೆನಪಿರಬಹುದು. ಒಮ್ಮೊಮ್ಮೆ ನಾಯಕಿಯ ತುಟಿಯ ಕೆಂಪು ತುಟಿ ಬಿಟ್ಟು ಕೆನ್ನೆಯ ಕಡೆಗೆ ಜರುಗಿರುತ್ತಿತ್ತು. ಬಣ್ಣಕ್ಕೊಂದರಂತೆ ಪ್ಲೇಟು ಮಾಡಿ ಒಂದರ ಮೇಲೊಂದು ಅಚ್ಚು ಹಾಕುವಾಗ ಕೂದಲೆಳೆಯಷ್ಟು ತಪ್ಪಿದರೂ ಸಾಕು, ಮುಖ ಕೆಟ್ಟಿತೆಂದೇ ಲೆಕ್ಕ.

ನ್ಯೂಜೆರ್ಸಿಯಲ್ಲಿ ಗೆಳೆಯರೊಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಬೀರುವಿನಷ್ಟು ದೊಡ್ಡ ಪ್ರೊಜೆಕ್ಷನ್ ಟಿವಿ ಇದೆ. ಅದರಲ್ಲಿ ‘ಬಂಗಾರದ ಮನುಷ್ಯ’ದ ಡಿವಿಡಿ ಹಾಕಿದಾಗ ನನಗೆ ಆ ಮುಖಪುಟಗಳೇ ಕಣ್ಣಿಗೆ ಕಟ್ಟಿದವು. ರಾಜಕುಮಾರ್ ಅವರ ಬಿಳಿ ಪಂಚೆಗೆ ಒಂದು ಕಡೆ ಕೆಂಪು ಅಂಚು, ಇನ್ನೊಂದು ಕಡೆ ನೀಲಿ ಅಂಚು!

ಹಾಗೆಂದು ಈ ಟಿವಿಯನ್ನು ಎಸೆಯಲು ಯಾರಿಗೂ ಮನಸ್ಸಿಲ್ಲ. 2003ರ ಮಾರ್ಚ್ 23ರಂದು ಬೆಳಗಿನ ಜಾವ 3 ಗಂಟೆಗೆ ಜೊಹಾನ್ಸ್‌ಬರ್ಗಿನ ವಿಶ್ವಕಪ್ ಫೈನಲ್ ನೋಡಲು ನಾವೆಲ್ಲ ಕಂಬಳಿ ಹೊದ್ದು ಕೂತದ್ದು ಇದರ ಮುಂದೆಯೇ. ಶ್ರೀನಾಥ್ ಬೌಲಿಂಗ್, ದ್ರಾವಿಡ್ ಕೀಪಿಂಗ್. ಶ್ರೀನಾಥ್‌ಗೆ ಅದೇ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಆಸ್ಟ್ರೇಲಿಯಾ 359 ಹೊಡೆಯಿತು, ನಾವು 125 ರನ್ನಿನಿಂದ ಸೋತೆವು. ಗೆಳೆಯರ ತಾಯಿ ಅಂದು ಎಲ್ಲರಿಗೂ ಉಪ್ಪಿಟ್ಟು ಮಾಡಿ ಬಡಿಸಿದ್ದರು. ಈಗ ಅವರೇ ಪಕ್ಕಕ್ಕೆ ಬಂದು ನಿಂತು, “ಸರಿ ಹೋಗತ್ತೇನಪ್ಪಾ?” ಎಂದರು. “ನೋಡೋಣಮ್ಮ, ಜೀವ ಇದೆ” ಎಂದೆ.

ಇಂಥ ಟಿವಿಯ ಹೊಟ್ಟೆಯಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಪುಟ್ಟ ಪಿಕ್ಚರ್ ಟ್ಯೂಬುಗಳಿರುತ್ತವೆ. ಒಂದೊಂದಕ್ಕೂ ಒಂದು ಲೆನ್ಸು. ಮೂರೂ ತಮ್ಮ ತಮ್ಮ ಚಿತ್ರವನ್ನು ಕನ್ನಡಿಗೆ ಎಸೆದರೆ ಕನ್ನಡಿ ಅದನ್ನು ಪರದೆಯ ಹಿಂಬದಿಗೆ ಹಾಯಿಸುತ್ತದೆ. ಮೂರು ಟ್ಯೂಬೂ ಒಂದೇ ಜಾಗದಲ್ಲಿ ಕೂರಲಾರವು. ಹಾಗಾಗಿ ಪಕ್ಕದ ಎರಡು ಓರೆಯಾಗಿ ನೋಡುತ್ತವೆ. ಆ ಓರೆಯನ್ನು ತಿದ್ದುವ ಕೆಲಸ ಕನ್ವರ್ಜೆನ್ಸ್ ಐಸಿಗಳದ್ದು. ಅವು ಹಗಲಿರುಳು ಕಾದು ಕಾದು ಒಂದು ದಿನ ಸೋಲುತ್ತವೆ. ಆಗ ಗೆರೆಗಳು ಬಿಲ್ಲಿನಂತೆ ಬಾಗುತ್ತವೆ, ಬಣ್ಣಗಳು ಬೇರೆಯಾಗುತ್ತವೆ.

ಚಿತ್ರ ಬರೀ ಮಸುಕಾಗಿದ್ದರೆ ಕಾರಣ ಬೇರೆ. ಟ್ಯೂಬಿಗೂ ಲೆನ್ಸಿಗೂ ನಡುವೆ ತಂಪಿಗೆಂದು ತುಂಬಿದ ಗ್ಲೈಕಾಲ್ ದ್ರವ ಕಲಕಿರಬಹುದು, ಇಲ್ಲವೇ ಕನ್ನಡಿಗೆ ಧೂಳು ಹಿಡಿದಿರಬಹುದು. ಆ ಕನ್ನಡಿಯನ್ನು ಮನೆಯ ಕನ್ನಡಿಯಂತೆ ಉಜ್ಜಬಾರದು. ಅದರ ಲೇಪ ಗಾಜಿನ ಮುಂಬದಿಯಲ್ಲೇ ಇರುತ್ತದೆ. ಒರಟು ಬಟ್ಟೆ ತಾಗಿದರೆ ಗೀರು ಬೀಳುತ್ತದೆ.

ಪ್ಲಗ್ ಕಿತ್ತು ಬಹಳ ಹೊತ್ತು ಬಿಟ್ಟೇ ಹಿಂದಿನ ಹಲಗೆ ಬಿಚ್ಚಿದೆ. ಟ್ಯೂಬಿನ ಆನೋಡಿಗೆ ಹೋಗುವುದು 30,000 ವೋಲ್ಟಿನ ಆಸುಪಾಸು. ಸೆಟ್ಟು ಆರಿಸಿದ ಮೇಲೂ ಅದು ಒಳಗೆ ಉಳಿದಿರಬಹುದು. ಈ ಕೆಲಸ ಕಲಿಯದವರು ಒಳಗೆ ಕೈ ಹಾಕಲೇಬಾರದು. ಹಳೆಯ ಐಸಿಗಳ ಬೆಸುಗೆ ಬಿಡಿಸಿ, ಸುಟ್ಟ ರೆಸಿಸ್ಟರ್ ಬದಲಿಸಿ, ಹೀಟ್‌ಸಿಂಕಿಗೆ ಹೊಸ ಪೇಸ್ಟ್ ಸವರಿ ಎರಡು ಹೊಸ ಐಸಿ ಕೂರಿಸಿದೆ.

ನಿಜವಾದ ಕೆಲಸ ಇರುವುದು ಆಮೇಲೆ. ಸೆಟ್ಟು ಅರ್ಧ ಗಂಟೆ ಬಿಸಿಯಾದ ಮೇಲೆ ಪರದೆಯ ಮೇಲೆ ಚೌಕಳಿ ಗೆರೆ ಬರಿಸಿಕೊಳ್ಳಬೇಕು. ತಂಬೂರಿಯ ಶ್ರುತಿ ಕೂಡಿಸಿದ ಹಾಗೆಯೇ ಇದೂ. ಷಡ್ಜ ನಿಲ್ಲದೆ ಪಂಚಮವನ್ನು ಎಲ್ಲಿಗೆಂದು ಸೇರಿಸುವುದು? ಇಲ್ಲಿ ಷಡ್ಜವೆಂದರೆ ಹಸಿರು. ನಮ್ಮ ಕಣ್ಣಿಗೆ ಹೆಚ್ಚು ಹೊಳೆಯುವ ಬಣ್ಣವೂ ಅದೇ. ಮೊದಲು ಹಸಿರಿನ ಗೆರೆಗಳನ್ನು ನೆಟ್ಟಗೆ ಮಾಡಿ, ಅದರ ಮೇಲೆ ಕೆಂಪನ್ನು ತಂದು, ಕೊನೆಗೆ ನೀಲಿಯನ್ನು ಕೂಡಿಸಬೇಕು. ನಡುವಿನಿಂದ ಮೂಲೆಗೆ, ರಿಮೋಟಿನ ಒಂದೊಂದೇ ಒತ್ತಿಗೆ ಗೆರೆ ಅಕ್ಕಿಕಾಳಿನಷ್ಟು ಜರುಗುತ್ತದೆ. ಅವಸರಪಟ್ಟು ಹೆಚ್ಚು ಒತ್ತಿದರೆ ಸರಿಯಾಗಿದ್ದ ಪಕ್ಕದ ಗೆರೆಯೂ ಅದರ ಹಿಂದೆಯೇ ಜರುಗುತ್ತದೆ.

ಕೆಂಪು ಹಸಿರಿನ ಮೇಲೆ ಕೂತಾಗ ಗೆರೆ ಹಳದಿಯಾಯಿತು. ಅದರ ಮೇಲೆ ನೀಲಿ ಮೆಲ್ಲಗೆ ಬಂದು ಕೂತಿತು. ಮೂರು ಬಣ್ಣವೂ ಕಾಣೆಯಾಗಿ, ಸುಣ್ಣದಲ್ಲಿ ಎಳೆದಂಥ ಒಂದು ಬಿಳಿ ಗೆರೆ ಉಳಿಯಿತು. ರಿಪೇರಿ ಕಲಿತು ಇಷ್ಟು ವರ್ಷವಾದರೂ ಆ ಬಿಳಿ ಕಂಡಾಗಲೆಲ್ಲ ನನ್ನ ಕೈ ರಿಮೋಟಿನ ಮೇಲೆ ಹಾಗೇ ನಿಂತುಬಿಡುತ್ತದೆ.

ಮೂಲೆಗಳನ್ನೂ ಮುಗಿಸುವಷ್ಟರಲ್ಲಿ ರಾತ್ರಿಯಾಗಿತ್ತು. ಡಿವಿಡಿ ಮತ್ತೆ ಹಾಕಿದೆವು. ಅಮ್ಮ ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಪಂಚೆ ಬೆಳ್ಳಗಾಯ್ತು ಕಣಪ್ಪಾ” ಎಂದು ಹೇಳಿ ಕುರ್ಚಿ ಎಳೆದುಕೊಂಡರು.