ಹೊಂಚು ಹಾಕಿ ಕೊಂದವನನ್ನು ಏನೆಂದು ಕರೆಯೋಣ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಒಂದು ಆಟ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ದಾಳ ಹಾಕುತ್ತಾ ಕತೆ ಕಟ್ಟುವುದು. ನಮ್ಮ ಗುಂಪಿಗೂ ಅದರ ಹುಚ್ಚು ಹಿಡಿದಿದೆ. ಅದರಲ್ಲಿ 'ಅಸಾಸಿನ್' ಅನ್ನೋ ಪಾತ್ರವಿದೆ: ವೇಷ ಮರೆಸಿ, ಹೊಂಚು ಹಾಕಿ ಕೊಲ್ಲುವವನು. 1978ರ ನಿಯಮ ಪುಸ್ತಕದ ಪ್ರಕಾರ ಅವನು ಕೆಟ್ಟವನೇ ಆಗಿರಬೇಕು.

ಹಾಗಾದರೆ ನಂಜನಗೂಡು ತಾಲ್ಲೂಕಿನ ಹದಿನಾರಿನ ಕತೆಗೆ ಏನನ್ನೋಣ? ಮೈಸೂರು ಅರಸರ ವಂಶ ಶುರುವಾಗುವುದೇ ಅಲ್ಲಿಂದ, 1399ರಲ್ಲಿ ಅನ್ನುತ್ತಾರೆ. ಊರಿನ ಒಡೆಯ ಇಲ್ಲದ ಹೊತ್ತು ನೋಡಿ, ಕಾರುಗಹಳ್ಳಿಯ ಮಾರನಾಯಕ ಅವನ ಮಗಳು ಚಿಕ್ಕದೇವರಸಿಯನ್ನು ಕೊಡಿ ಅಂತ ಬಲವಂತ ಮಾಡುತ್ತಾನೆ. ದ್ವಾರಕೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಅಡಗಿ ಕೂತು, ಮದುವೆಯ ಔತಣದಲ್ಲೇ ಅವನನ್ನು ಮುಗಿಸುತ್ತಾರೆ. ಯದುರಾಯನಿಗೆ ಹುಡುಗಿಯೂ ಸಿಕ್ಕಳು, ರಾಜ್ಯವೂ ಸಿಕ್ಕಿತು. ಕರ್ನಲ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಇದನ್ನು ಬರೆದಿದ್ದಾನೆ. ಮಾರನಾಯಕ ಕೀಳು ಜಾತಿಯವನು ಅನ್ನೋದನ್ನೂ ಮರೆಯದೆ ಸೇರಿಸಿದ್ದಾನೆ.

ಆಟದಲ್ಲಿ ಇದು ಹಂತಕರ ಕೆಲಸ, ನಮ್ಮ ಪಾಠದಲ್ಲಿ ವಂಶದ ಸ್ಥಾಪನೆ. ಬಲವಂತದ ಮದುವೆ ತಪ್ಪಿತು, ಸರಿಯೇ. ಆದರೆ ಮಾರನಾಯಕನ ಕಡೆಯವರ ಮಾತು ಈ ಕತೆಯಲ್ಲಿಲ್ಲ, ಆ ಹುಡುಗಿಯದೂ ಇಲ್ಲ. ಆಟದಲ್ಲಾದರೆ ಕತೆ ನಡೆಸುವವನು ಸಾಯುವವನ ಬಾಯಿಂದಲೂ ಮಾತಾಡಲೇಬೇಕು.

ಮದುವೆ, ಜಾತಿ, ಕೊಲೆ ಮೂರೂ ಸೇರಿದ ಸುದ್ದಿ ನಮ್ಮ ಹಳ್ಳಿಗಳಿಂದ ಈಗಲೂ ಬರುತ್ತದೆ. ಕೊಂದವರು ಅದನ್ನು ಮರ್ಯಾದೆ ಅನ್ನುತ್ತಾರೆ. ನಾವು ಮರ್ಯಾದೆಗೇಡು ಹತ್ಯೆ ಅಂತಲೇ ಬರೆಯುತ್ತೇವೆ.